ವಾರ್‌ಹ್ಯಾಮರ್ ಕಂಪನಿಯ ನಿರ್ಧಾರ, ಹುಬ್ಬಳ್ಳಿ-ಧಾರವಾಡದ ಮೇಜು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ವಾರ್‌ಹ್ಯಾಮರ್ ಎಂಬ, ಮೇಜಿನ ಮೇಲಿನ ಸಣ್ಣ ಗೊಂಬೆಗಳ ಯುದ್ಧದಾಟ ಆಡುವವರು ಮತ್ತು ಹೊಸದಾಗಿ ಕೈಹಾಕುವವರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಟ್ಟಿದ್ದೇವೆ. ‘ಮಿನಿಯೇಚರ್’ ಅಂತ ಪ್ರತಿ ಸಲ ಬರೆಯುವ ಬದಲು ಗೊಂಬೆ ಅಂದಿದ್ದೇವೆ, ಬೇಜಾರಾಗಬೇಡಿ.

ಎಲ್ಲೋ ಇಂಗ್ಲೆಂಡಿನ ಕಂಪನಿ ಏನರ ಮಾಡ್ಕೊಳ್ಳಲಿ, ನಮಗ್ಯಾಕ್ರಿ ಅದರ ಚಿಂತಿ?

ನವಲಗುಂದದ ಜಮಖಾನದ ಮೇಲೆ ಪಗಡೆ ಹಾಸನ್ನೇ ನೇಯ್ದಿರುತ್ತಾರೆ. ಕವಡೆ ಇಲ್ಲದಿದ್ದರೆ ಹುಣಸೆಬೀಜ ತಿಕ್ಕಿ ಆಡಬಹುದು. ಪಗಡೆಗೆ ಯಜಮಾನರಿಲ್ಲ, ಹೊಸ ಆವೃತ್ತಿಯೂ ಬರುವುದಿಲ್ಲ. ವಾರ್‌ಹ್ಯಾಮರ್‌ನಲ್ಲಿ ಗೊಂಬೆ, ನಿಯಮ, ಕಥೆ, ಹೆಸರು, ಬಣ್ಣ ಎಲ್ಲವೂ ಗೇಮ್ಸ್ ವರ್ಕ್‌ಶಾಪ್ ಎಂಬ ಒಂದೇ ಕಂಪನಿಯವು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಈಗ ನಾಟಿಂಗ್‌ಹ್ಯಾಮ್‌ನಲ್ಲಿ ಕಾರ್ಖಾನೆ ಇಟ್ಟುಕೊಂಡಿರುವ ಈ ಕಂಪನಿ 1983ರಲ್ಲಿ ವಾರ್‌ಹ್ಯಾಮರ್ ತಂದಿತು, 1987ರಲ್ಲಿ ವಾರ್‌ಹ್ಯಾಮರ್ 40,000 ತಂದಿತು. 1994ರಲ್ಲಿ ಷೇರುಪೇಟೆಗೆ ಇಳಿದದ್ದು 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಪಟ್ಟಿಯಾದ ಎಫ್‌ಟಿಎಸ್‌ಇ 100 ಸೇರಿತು. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿ ಅದು. ಯಾವ ಸೈನ್ಯ ಮಾರಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಅಲ್ಲಿ ತೀರ್ಮಾನವಾದರೆ ವಿದ್ಯಾನಗರದ ಮಾಳಿಗೆಯ ಮೇಲಿನ ಭಾನುವಾರದ ಆಟಕ್ಕೂ ಬಿಸಿ ತಟ್ಟುತ್ತದೆ.

ಇಷ್ಟ್ ಸಣ್ಣ ಪ್ಲಾಸ್ಟಿಕ್ ಗೊಂಬಿಗೆ ಇಷ್ಟ್ ರೊಕ್ಕಾ ಯಾಕ?

ಪ್ಲಾಸ್ಟಿಕ್ಕಿಗೆ ಬೆಲೆ ಇಲ್ಲ, ಅಚ್ಚಿಗೆ ಇದೆ. ಪಾಲಿಸ್ಟೈರೀನ್ ಕರಗಿಸಿ ಒತ್ತುವ ಉಕ್ಕಿನ ಅಚ್ಚಿಗೆ ಮೊದಲೇ ದೊಡ್ಡ ಮೊತ್ತ ಸುರಿಯಬೇಕು. ಆಮೇಲೆ ಒಂದೊಂದು ಫ್ರೇಮ್ (ಗೊಂಬೆಯ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಒತ್ತುವ ಖರ್ಚು ತೀರಾ ಕಡಿಮೆ. ಹಾಗಾಗಿ ಕಂಪನಿಗೆ ಲಾಭ ಇರುವುದು ಹೊಸ ಪೆಟ್ಟಿಗೆ ಬೇಗ ಬೇಗ, ಸಾವಿರಗಟ್ಟಲೆ ಮಾರುವುದರಲ್ಲಿ. ಮುಂದಿನ ಅರ್ಧ ಉತ್ತರಗಳ ಬೇರು ಇಲ್ಲೇ ಇದೆ.

ಮೇಲೆ ನಮ್ಮ ದೇಶದ ಸುಂಕ. ಆಟಿಕೆಯ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅಂದರೆ ವ್ಯಾಪಾರಿ 100 ರೂಪಾಯಿಯ ಮಾಲು ತರಿಸಿ ಅದು ಆಟಿಕೆ ಅಂತ ಪರಿಗಣಿತವಾದರೆ ಬಂದರಿನಲ್ಲೇ 170, ಆ 170ರ ಮೇಲೆ ಜಿಎಸ್‌ಟಿ. ಹಡಗು-ವಿಮಾನದ ಬಾಡಿಗೆಯೂ ಆ ನೂರರೊಳಗೇ ಸೇರುತ್ತದೆ. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ‘12+’ ಅಂತ ಇದ್ದರೆ ಆಮದುದಾರ ಹಿಂದೇಟು ಹಾಕುವುದು ಸಹಜ. ವಿದೇಶದ ನೆಂಟರಿಂದ ‘ಉಡುಗೊರೆ’ ಅಂತ ಬರೆಸಿ ತರಿಸುವ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿತು. ಅಂಥ ಪಾರ್ಸೆಲ್ ತಡೆಹಿಡಿದರೆ ಬಿಡಿಸುವುದು ತಲೆನೋವು.

ಮಾಡಬೇಕಾದ್ದು: ನಾಲ್ಕೈದು ಜನ ಸೇರಿ ದೇಶದೊಳಗಿನ ಅಂಗಡಿಯಿಂದಲೇ ಒಂದೇ ಆರ್ಡರ್ ಹಾಕಿ. ಮುಂಗಡ ಪೂರ್ತಿ ತಗೊಳ್ಳಿ. ‘ಬಂದಮೇಲೆ ಕೊಡ್ತೀನಿ’ ಅಂದವರ ಪಾಲು ಕೊನೆಗೆ ಆರ್ಡರ್ ಹಾಕಿದವರ ತಲೆಗೇ ಬರುತ್ತದೆ. ಮೊದಲ ಆರು ತಿಂಗಳು 500 ಪಾಯಿಂಟ್ (ಸೈನ್ಯದ ಬಲ ಅಳೆಯಲು ಪ್ರತಿ ತುಕಡಿಗೂ ಕೊಟ್ಟ ಅಂಕ) ದಾಟಬೇಡಿ. ಆರಂಭದ ಸೈನ್ಯವಿರುವ ಒಂದು ಕಾಂಬ್ಯಾಟ್ ಪ್ಯಾಟ್ರೋಲ್ ಪೆಟ್ಟಿಗೆ ಸಾಕು. ಬಿಡಿ ಪೆಟ್ಟಿಗೆಗಳನ್ನು ಕೂಡಿಸಿದರೆ ಅಷ್ಟೇ ಗೊಂಬೆಗೆ ಜಾಸ್ತಿ ಬೀಳುತ್ತದೆ.

ಹೊಸ ಎಡಿಷನ್ ಬಂತಂದ್ರ ನನ್ನ ಹಳೇ ಸೈನ್ಯ ಕೆಲಸಕ್ಕ ಬರೂದಿಲ್ಲೇನು?

ಗೊಂಬೆ ಬಹುಮಟ್ಟಿಗೆ ಬರುತ್ತದೆ, ಪುಸ್ತಕ ಬರುವುದಿಲ್ಲ. 40,000ದ 7ನೇ ಆವೃತ್ತಿ 2014, 8ನೆಯದು 2017, 9ನೆಯದು 2020, 10ನೆಯದು 2023. ಮೂರು ವರ್ಷಕ್ಕೊಂದು ಸುತ್ತು. ಆದರೆ ಎಲ್ಲ ಬದಲಾವಣೆಯೂ ಒಂದೇ ತೂಕದ್ದಲ್ಲ. 2020ರಲ್ಲಿ 8ನೇ ಆವೃತ್ತಿಯ ಸೈನ್ಯ ಪುಸ್ತಕಗಳು ಹೊಸದು ಬರುವತನಕ ನಡೆದವು. 2017 ಮತ್ತು 2023ರಲ್ಲಿ ಹಿಂದಿನ ಎಲ್ಲ ಸೈನ್ಯ ಪುಸ್ತಕಗಳೂ ಒಂದೇ ದಿನ ರದ್ದಿಯಾದವು. ಪುಸ್ತಕ ಕೊಂಡು ಎರಡು ತಿಂಗಳಾಗಿದ್ದವರು ಹೊಟ್ಟೆ ಉರಿದುಕೊಂಡದ್ದು ನ್ಯಾಯವೇ. 2023ರಲ್ಲಿ ಕಂಪನಿ ಆರಂಭದ ನಿಯಮಗಳನ್ನು ಪುಕ್ಕಟೆ ಕೊಟ್ಟದ್ದರಿಂದ ಸಿಟ್ಟು ಸ್ವಲ್ಪ ಇಳಿಯಿತು.

ಆವೃತ್ತಿಯ ಮೂರನೇ ವರ್ಷದಲ್ಲಿ ಸೈನ್ಯ ಪುಸ್ತಕ ಕೊಳ್ಳಬೇಡಿ. ಸೆಕೆಂಡ್‌ಹ್ಯಾಂಡ್ ಪುಸ್ತಕ ಕೊಳ್ಳುವಾಗ ಒಳಗಿನ ಸಂಕೇತ ಬಳಸಿದ್ದಾರೋ ಇಲ್ಲವೋ ಕೇಳಿ. ಆ ಸಂಕೇತ ಒಂದೇ ಸಲ ನಡೆಯುತ್ತದೆ. ಅದಿಲ್ಲದೆ ಕಂಪನಿಯ ಆ್ಯಪ್‌ನಲ್ಲಿ ಆ ಸೈನ್ಯ ತೆರೆಯುವುದಿಲ್ಲ. ಗುಂಪಿಗೊಂದು ಪುಸ್ತಕ ಇಟ್ಟುಕೊಂಡು ಹಂಚಿ ಓದುವ ನಮ್ಮ ಪದ್ಧತಿಗೆ ಬಿದ್ದ ದೊಡ್ಡ ಏಟು ಇದೇ.

ಗುಂಪಿನ ಮಟ್ಟದಲ್ಲಿ ಒಂದು ಹಾಳೆ ಬರೆದಿಡಿ: ಯಾವ ಆವೃತ್ತಿ, ಯಾವ ತಾರೀಖಿನ ಪಾಯಿಂಟ್ ಪಟ್ಟಿ, ಬದಲಿ ಗೊಂಬೆ ನಡೆಯುತ್ತದೋ ಇಲ್ಲವೋ. ಹೊಸ ಆವೃತ್ತಿ ಬಂದಮೇಲೆ ಮೂರು ತಿಂಗಳು ಹಳೆಯದರಲ್ಲೇ ಆಡಿ. ಕಂಪನಿಯ ಮೊದಲ ತಿದ್ದುಪಡಿಗಳು ಅಷ್ಟರಲ್ಲಿ ಬಂದಿರುತ್ತವೆ. ಬೆಂಗಳೂರಿನ ಟೂರ್ನಿಗೆ ಹೋಗುವವರು ಮಾತ್ರ ಮೊದಲ ದಿನದಿಂದಲೇ ಹೊಸದನ್ನು ಕಲಿಯಬೇಕು, ಉಳಿದವರಿಗೆ ಅವಸರವಿಲ್ಲ. ಈ ಹಾಳೆ ಇಲ್ಲದ ಗುಂಪಿನಲ್ಲಿ ಅರ್ಧ ಜನ ಹಳೆಯದು, ಅರ್ಧ ಜನ ಹೊಸದು ಹಿಡಿದು, ಕಡೆಗೆ ಯಾರಿಗೂ ಜೋಡಿ ಸಿಗದೆ ಆಟವೇ ನಿಲ್ಲುತ್ತದೆ.

ಮೇಜಿನ ಅಳತೀನೂ ಬದ್ಲಿ ಆಗೇತಂತ?

2020ರಲ್ಲಿ. ಮೊದಲು 6×4 ಅಡಿ, ಈಗ 2,000 ಪಾಯಿಂಟ್ ಆಟಕ್ಕೆ ಕನಿಷ್ಠ 60×44 ಅಂಗುಲ. ಕಂಪನಿ ಮಾರುವ 30×22 ಅಂಗುಲದ ನಾಲ್ಕು ಹಲಗೆ ಜೋಡಿಸಿದರೆ ಸರಿಯಾಗಿ ಅಷ್ಟೇ ಆಗುತ್ತದೆ ಅನ್ನುವುದನ್ನು ಗಮನಿಸಿ. ಹಳೇ ಮೇಜು ಎಸೆಯಬೇಡಿ, ಎರಡೂ ತುದಿಗೆ 6 ಅಂಗುಲ, ಎರಡೂ ಬದಿಗೆ 2 ಅಂಗುಲ ಬಿಟ್ಟು ಟೇಪ್ ಹಚ್ಚಿ. ಹೊಸದಾಗಿ ಮಾಡಿಸುವುದಾದರೆ 8×4 ಅಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ 44×30 ಅಂಗುಲದ ಎರಡು ತುಂಡು ಕೊಯ್ಸಿ, ನಡುವೆ ಬಿಜಾಗರಿ ಹಾಕಿಸಿ. ಮಡಚಿ ಮಂಚದ ಕೆಳಗೆ ಇಡಬಹುದು.

ನನ್ನ ಸೈನ್ಯಾನ ಬಂದ್ ಮಾಡ್ಯಾರ. ಈಗೇನು?

ಬಂದ್ ಆದದ್ದು ಮಾರಾಟ. ಹಿಂದೆ ಏನಾಯಿತು ನೋಡಿ. 2015ರಲ್ಲಿ ಕಂಪನಿ 32 ವರ್ಷದ ಹಳೇ ವಾರ್‌ಹ್ಯಾಮರ್ ಫ್ಯಾಂಟಸಿಯ (1983ರ ಆ ಮೊದಲ ಆಟದ) ಲೋಕವನ್ನೇ ಕಥೆಯಲ್ಲಿ ನಾಶಮಾಡಿ ಏಜ್ ಆಫ್ ಸಿಗ್ಮಾರ್ ತಂದಿತು. ಕೆಲವೇ ಪುಟದ ನಿಯಮ, ಪಾಯಿಂಟ್ ಪದ್ಧತಿಯೇ ಇಲ್ಲ. ಪಾಯಿಂಟ್ ಅಂದರೆ ತಕ್ಕಡಿ. ಗುರುತಿಲ್ಲದ ಇಬ್ಬರು ಯಾವ ವಾದವಿಲ್ಲದೆ ಸಮನಾದ ಸೈನ್ಯ ತಂದು ಎದುರುಬದುರು ಕೂರಲು ಅದೊಂದೇ ದಾರಿ. ತಕ್ಕಡಿ ಕಿತ್ತುಕೊಂಡ ಮೇಲೆ ಗೆಳೆಯರ ನಡುವಿನ ಆಟ ಹೇಗೋ ನಡೆಯಿತು, ಅಪರಿಚಿತರ ನಡುವಿನದು ನಿಂತಿತು. ಆಟಗಾರರೇ ಸೇರಿ ದಿ ನೈಂತ್ ಏಜ್ ಎಂಬ ನಿಯಮ ಬರೆದುಕೊಂಡರು. ಇನ್ನು ಕೆಲವರು ಮ್ಯಾಂಟಿಕ್ ಕಂಪನಿಯ ಕಿಂಗ್ಸ್ ಆಫ್ ವಾರ್‌ಗೆ ಅದೇ ಗೊಂಬೆ ಹೊತ್ತುಕೊಂಡು ಹೋದರು. 2016ರಲ್ಲಿ ಕಂಪನಿ ಪಾಯಿಂಟ್‌ಗಳನ್ನು ವಾಪಸ್ ತಂದಿತು. 2024ರ ಜನವರಿಯಲ್ಲಿ ಹಳೇ ಲೋಕವೇ ‘ದಿ ಓಲ್ಡ್ ವರ್ಲ್ಡ್’ ಅಂತ ಮರಳಿ ಬಂತು. ಆಗ ಒಂಬತ್ತು ಸೈನ್ಯಕ್ಕೆ ಪೂರ್ತಿ ಬೆಂಬಲ ಸಿಕ್ಕಿತು, ಇನ್ನೇಳಕ್ಕೆ ಪುಕ್ಕಟೆ ಪಿಡಿಎಫ್ ಮಾತ್ರ. 2015ರಲ್ಲಿ ಬೇಜಾರಿನಿಂದ ಸಿಕ್ಕ ಬೆಲೆಗೆ ಮಾರಿದವರು ಈಗ ಅದೇ ಗೊಂಬೆಗಳನ್ನು ಹೊಸ ಬೆಲೆಗೆ ಹುಡುಕಬೇಕಾಗಿದೆ.

ಪಟ್ಟಿ ಇನ್ನೂ ಮುಗಿದಿಲ್ಲ. 2024ರಲ್ಲಿ ಸಿಗ್ಮಾರ್‌ನ 4ನೇ ಆವೃತ್ತಿಯ ಹೊತ್ತಿಗೆ ಬೀಸ್ಟ್ಸ್ ಆಫ್ ಕೇಯಾಸ್, ಬೋನ್‌ಸ್ಪ್ಲಿಟರ್ಜ್ ಸೈನ್ಯಗಳನ್ನು ತೆಗೆದರು.

ಸುದ್ದಿ ಬಂದ ದಿನ ಮೂರು ಕೆಲಸ ಮಾಡಿ. ಆ ಸೈನ್ಯದ ನಿಯಮ, ಪಾಯಿಂಟ್ ಪಟ್ಟಿಯ ಪಿಡಿಎಫ್ ಇಳಿಸಿ ಒಂದು ಪ್ರತಿ ಪ್ರಿಂಟ್ ಹಾಕಿಸಿ, ಯಾಕೆಂದರೆ ಹಳೇ ಕಡತಗಳನ್ನು ಸೈಟ್‌ನಿಂದ ತೆಗೆಯುವುದುಂಟು. ಸೈನ್ಯ ಪೂರ್ತಿಯಾಗಲು ಬೇಕಾದ ಒಂದೆರಡು ಪೆಟ್ಟಿಗೆ ಇದ್ದರೆ ಆ ವಾರವೇ ಕೊಳ್ಳಿ. ಗುಂಪಿನ ಹಾಳೆಯಲ್ಲಿ ‘ಈ ಸೈನ್ಯ ನಮ್ಮಲ್ಲಿ ನಡೆಯುತ್ತದೆ’ ಅಂತ ಬರೆಸಿ. ಬೇರೆ ಸೈನ್ಯದ ಬದಲಿಯಾಗಿ ಬಳಸುವುದಾದರೆ ಬೇಸ್‌ನ (ಗೊಂಬೆ ನಿಂತಿರುವ ಅಡಿಪೀಠದ) ಅಳತೆ ಅದೇ ಇರಬೇಕು, ಎತ್ತರ ಹತ್ತಿರ ಇರಬೇಕು, ಕೈಯಲ್ಲಿನ ಆಯುಧ ಮೂರಡಿ ದೂರದಿಂದ ಗೊತ್ತಾಗಬೇಕು. ‘ಇದು ಭರ್ಚಿ, ಅದು ಬಂದೂಕು, ಮತ್ತೆ ಇದೂ ಬಂದೂಕು’ ಅಂತ ಪ್ರತಿ ಸರತಿಗೂ ಹೇಳುವಂತಾದರೆ ಎದುರಿನವರ ತಾಳ್ಮೆ ಮುಗಿಯುತ್ತದೆ.

ಓಲ್ಡ್ ವರ್ಲ್ಡ್‌ಗೆ 25 ಮಿ.ಮೀ. ಬೇಸ್ ಬೇಕಂತ. ನನ್ನ ಹಳೇ 20ರ ಬೇಸ್ ಎಲ್ಲಾ ಕಿತ್ತಬೇಕೇನು?

ಬೇಡ. ಕೀಳಲು ಹೋದರೆ ಪ್ಲಾಸ್ಟಿಕ್ ಅಂಟಿನಲ್ಲಿ ಒಂದಾಗಿ ಬೆಸೆದ ಪಾದ ಮುರಿಯುತ್ತದೆ. ನಾಮಫಲಕ, ಶೀಲ್ಡ್ ಮಾಡುವ ಲೇಸರ್ ಅಂಗಡಿಯಲ್ಲಿ, ಹಳೇ ಬೇಸ್‌ಗಳನ್ನು 25ರ ಅಂತರದಲ್ಲಿ ಕೂರಿಸುವ ಟ್ರೇ ಮಾಡಿಸಿ. 20 ಆಳುಗಳ ತುಕಡಿ, ಅಡ್ಡ 5, ಹಿಂದೆ 4 ಸಾಲು ಅಂದುಕೊಳ್ಳಿ:

ಮೇಲಿನ ಹಲಗೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಅಳತೆ 125×100 ಮಿ.ಮೀ. ಅದರಲ್ಲಿ 20.4 ಮಿ.ಮೀ. ಚೌಕದ 20 ಕಿಂಡಿ, ನಡುವಿನಿಂದ ನಡುವಿಗೆ 25 ಮಿ.ಮೀ. ಲೇಸರ್ ಕೊಯ್ಯುವಾಗ ಸುಮಾರು 0.2 ಮಿ.ಮೀ. ತಿನ್ನುವುದರಿಂದ ನಕ್ಷೆಯಲ್ಲಿ ಕಿಂಡಿಯನ್ನು 20.2 ಅಂತ ಬರೆಯಿರಿ. ಕಿಂಡಿಗಳ ನಡುವೆ 4.6, ಅಂಚಿಗೆ 2.3 ಉಳಿಯುತ್ತದೆ. ಹೊರಗೆ ಬೇರೆ ಅಂಚುಪಟ್ಟಿ ಹಚ್ಚಬೇಡಿ, ತುಕಡಿಯ ಅಗಲ 125 ದಾಟಿದರೆ ಎದುರಾಳಿ ತಕರಾರು ತೆಗೆಯಬಹುದು. ಕೆಳಗೆ 2 ಮಿ.ಮೀ. ಹಲಗೆ, ನಡುವೆ ತೆಳ್ಳಗೆ ಫೆವಿಕಾಲ್, ರಾತ್ರಿಯಿಡೀ ಮೇಲೆ ಭಾರ. ಭಾರ ಇಡದಿದ್ದರೆ ಬೆಳಿಗ್ಗೆ ಟ್ರೇ ಹಪ್ಪಳದಂತೆ ಸೊಟ್ಟಗಾಗಿರುತ್ತದೆ.

ಅಂಗಡಿಯವರಿಗೆ ಕೋರಲ್‌ಡ್ರಾ ಕಡತ ಅಥವಾ ಡಿಎಕ್ಸ್‌ಎಫ್ ಕೊಡಿ. ಮೊದಲು ಒಂದೇ ಕಿಂಡಿ ಕೊಯ್ಸಿ, ಬಣ್ಣ ಬಳಿದ ಗೊಂಬೆಯನ್ನು ಕೂರಿಸಿ ನೋಡಿ. ಬಣ್ಣ, ವಾರ್ನಿಷ್, ಅಂಟಿಸಿದ ಮರಳು ಸೇರಿ ಬೇಸ್ ಅರ್ಧ ಮಿ.ಮೀ. ದಪ್ಪವಾಗಿರುವುದುಂಟು, ಆಗ 20.4 ಸಾಲದು. ಜೂನ್‌ಗೆ ಮೊದಲು ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು ಕಲಸಿ ಕೊಯ್ದ ಅಂಚಿಗೆ ಎರಡು ಸಲ ಸವರಿ. ಇಲ್ಲದಿದ್ದರೆ ಧಾರವಾಡದ ಮಳೆಗೆ ಎಂಡಿಎಫ್ ಉಬ್ಬಿ ಗೊಂಬೆ ಸಿಕ್ಕಿಹಾಕಿಕೊಳ್ಳುತ್ತದೆ.

ಲಿಮಿಟೆಡ್ ಪೆಟ್ಟಿಗಿ ಹತ್ತು ನಿಮಿಷದಾಗ ಖಾಲಿ. ಬ್ಲ್ಯಾಕ್‌ನಾಗ ತಗೊಳ್ಳೂದೇನು?

ತಡೆಯಿರಿ. 2020ರ ಜುಲೈನಲ್ಲಿ 9ನೇ ಆವೃತ್ತಿ ಆರಂಭದ ಇಂಡೋಮಿಟಸ್ ಪೆಟ್ಟಿಗೆ ಹೀಗೇ ಖಾಲಿಯಾಗಿ ಗದ್ದಲವೆದ್ದಾಗ ಕಂಪನಿ ಕೇಳಿದವರಿಗೆಲ್ಲ ಮಾಡಿಕೊಡುವುದಾಗಿ ಆರ್ಡರ್ ತೆಗೆದುಕೊಂಡಿತು. ಎರಡು ಪಟ್ಟು ಕೊಟ್ಟು ಕೊಂಡವರು ಪೆಚ್ಚಾದರು. ಪ್ರತಿ ಸಲ ಹೀಗಾಗುತ್ತದೆ ಅಂತಲ್ಲ, ಆದರೆ ಆವೃತ್ತಿ ಆರಂಭದ ಪೆಟ್ಟಿಗೆಯ ಗೊಂಬೆಗಳು ಸಾಮಾನ್ಯವಾಗಿ ಆರೆಂಟು ತಿಂಗಳಲ್ಲಿ ಬೇರೆ ಪೆಟ್ಟಿಗೆಗಳಲ್ಲಿ ಬಿಡಿಯಾಗಿ ಬರುತ್ತವೆ. ಅಂಥ ಪೆಟ್ಟಿಗೆಯಲ್ಲಿ ಎರಡು ಸೈನ್ಯ ಇರುತ್ತವೆ, 2023ರ ಲೆವಿಯಾಥನ್‌ನಲ್ಲಿ 72 ಗೊಂಬೆ ಇದ್ದವು. ಇಬ್ಬರು ಪಾಲು ಮಾಡಿಕೊಳ್ಳುವಾಗ ಹಣ ಹಾಕುವ ಮೊದಲೇ ಯಾರಿಗೆ ಯಾವ ಸೈನ್ಯ, ನಿಯಮ ಪುಸ್ತಕ ಯಾರಿಗೆ ಅಂತ ಮಾತಾಗಿರಲಿ. ಜಗಳ ಗೊಂಬೆಗಿಂತ ಪುಸ್ತಕಕ್ಕೇ ಜಾಸ್ತಿ.

3ಡಿ ಪ್ರಿಂಟ್ ಮಾಡಿದ ಗೊಂಬಿ ನಡೀತಾವೇನು?

ಕಂಪನಿಯ ಸ್ವಂತ ಅಂಗಡಿಯಲ್ಲಿ, ಅದು ನಡೆಸುವ ಟೂರ್ನಿಯಲ್ಲಿ ಇಲ್ಲ. ನಿಮ್ಮ ಮನೆಯಲ್ಲಿ ನಿಮ್ಮ ಇಷ್ಟ. ಆದರೆ ವಿನ್ಯಾಸಕಾರರಿಂದ ದುಡ್ಡು ಕೊಟ್ಟು ಕೊಂಡ ಕಡತ ಬೇರೆ, ಕಂಪನಿಯ ಗೊಂಬೆಯನ್ನು ಸ್ಕ್ಯಾನ್ ಮಾಡಿದ ನಕಲು ಬೇರೆ. ಎರಡನೆಯದು ಕಳ್ಳಮಾಲು, ಅದನ್ನು ಮಾರುವವರನ್ನು ಗುಂಪಿಗೆ ಸೇರಿಸಬೇಡಿ.

ಇದಕ್ಕೊಂದು ಹಿನ್ನೆಲೆ ಇದೆ. ಅಮೆರಿಕದ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಎಂಬ ಸಣ್ಣ ಸಂಸ್ಥೆ ವಾರ್‌ಹ್ಯಾಮರ್ ಗೊಂಬೆಗೆ ಹೊಂದುವ ಬಿಡಿಭಾಗ ಮಾರುತ್ತಿತ್ತು. ಪುಸ್ತಕದಲ್ಲಿ ನಿಯಮವಿದ್ದೂ ಕಂಪನಿ ಗೊಂಬೆ ಮಾಡದಿದ್ದ ಪಾತ್ರಗಳನ್ನೂ ಮಾಡಿತು. 2010ರಲ್ಲಿ ಗೇಮ್ಸ್ ವರ್ಕ್‌ಶಾಪ್ ದಾವೆ ಹೂಡಿತು. 2013ರ ಜ್ಯೂರಿ ತೀರ್ಪಿನಲ್ಲಿ ಇಬ್ಬರಿಗೂ ಅಷ್ಟಷ್ಟು ಗೆಲುವು, 2014ರಲ್ಲಿ ರಾಜಿ. ನಿಜವಾದ ಪರಿಣಾಮ ಕೋರ್ಟಿನ ಹೊರಗೆ ಆಯಿತು: ಪೆಟ್ಟಿಗೆಯಲ್ಲಿ ಗೊಂಬೆ ಇಲ್ಲದಿದ್ದರೆ ಪುಸ್ತಕದಲ್ಲಿ ನಿಯಮವೂ ಇಲ್ಲ ಅನ್ನುವ ಧೋರಣೆ ಬಂತು. ಮೊದಲು ಪುಸ್ತಕ ಓದಿ, ಪುಟ್ಟಿ ಹಚ್ಚಿ, ನಾಲ್ಕು ಗೊಂಬೆಯ ಕೈಕಾಲು ಸೇರಿಸಿ ಸ್ವಂತದ ನಾಯಕನನ್ನು ಕಟ್ಟುತ್ತಿದ್ದರು. ಈಗ ಪೆಟ್ಟಿಗೆಯಲ್ಲಿ ಯಾವ ಆಯುಧ ಇದೆಯೋ ಅಷ್ಟೇ. ಹವ್ಯಾಸದ ಅತಿ ರುಚಿಯ ಭಾಗ ಹೋದದ್ದು ಹೀಗೆ, ವಕೀಲರ ಸಲಹೆಯಿಂದ.

ಪ್ರಿಂಟ್ ಮಾಡುವವರಿಗೆ: ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ) 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಹರಿಯುತ್ತದೆ. ಡಿಸೆಂಬರ್ ರಾತ್ರಿಯ ಧಾರವಾಡದಲ್ಲಿ ಗಟ್ಟಿಯಾಗಿ ಪದರ ಬಿಟ್ಟುಕೊಳ್ಳುತ್ತದೆ, ಹಗಲು ಹಚ್ಚಿ. 0.05 ಮಿ.ಮೀ. ಪದರ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಎರಡು ಸಲ, ಸಲಕ್ಕೆ ಎರಡು ಮೂರು ನಿಮಿಷ ತೊಳೆಯಿರಿ. ಪೊಳ್ಳು ಗೊಂಬೆಗೆ ಕೆಳಗೆ ಎರಡು ತೂತು ಬಿಡದಿದ್ದರೆ ಒಳಗೆ ಉಳಿದ ಹಸಿ ರೆಸಿನ್ ತಿಂಗಳುಗಳ ನಂತರ ಗೊಂಬೆಯನ್ನೇ ಸೀಳುತ್ತದೆ. ನೈಟ್ರೈಲ್ ಕೈಗವಸು ಕಡ್ಡಾಯ. ತೊಳೆದ ದ್ರವವನ್ನು ಮೋರಿಗೆ ಸುರಿಯಬೇಡಿ, ಗಟ್ಟಿಯಾಗುವತನಕ ಬಿಸಿಲಿಗಿಡಿ.

ಬಣ್ಣಾ ಕಂಪನೀದ ತಗೋಬೇಕೇನು?

ಇಲ್ಲ. 2012ರಲ್ಲಿ ಕಂಪನಿ ತನ್ನ ಸಿಟಡೆಲ್ ಬಣ್ಣಗಳನ್ನೆಲ್ಲ ಹೊಸ ಹೆಸರಿನಲ್ಲಿ ಹೊಸದಾಗಿ ತಂದಾಗ, ಅರ್ಧ ಬಳಿದ ಸೈನ್ಯಕ್ಕೆ ಅದೇ ಛಾಯೆ ಸಿಗದೆ ಜನ ಒದ್ದಾಡಿದರು. ಅದಕ್ಕೆ ಬಳಸಿದ ಪ್ರತಿ ಬಣ್ಣದ ಒಂದು ಗೀಟು, ಹೆಸರು, ಬೆರಕೆಯ ಹನಿಗಳ ಲೆಕ್ಕ ಒಂದು ದಪ್ಪ ಕಾಗದದ ಮೇಲೆ ಇಟ್ಟಿರಿ. ಸಿಟಡೆಲ್‌ನ 12 ಮಿ.ಲೀ. ಡಬ್ಬಿಯ ಮುಚ್ಚಳದಂಚಿಗೆ ಬಣ್ಣ ಕಟ್ಟಿದರೆ ಅದು ಸರಿಯಾಗಿ ಮುಚ್ಚುವುದಿಲ್ಲ, ಹುಬ್ಬಳ್ಳಿಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಒಣಗುತ್ತದೆ. ಹನಿ ಬಾಟಲಿಗೆ ಸುರಿದಿಟ್ಟುಕೊಳ್ಳಿ, ಅಥವಾ ವಯೆಹೊ, ಆರ್ಮಿ ಪೇಂಟರ್‌ನಂಥ ಹನಿ ಬಾಟಲಿಯ ಬಣ್ಣವನ್ನೇ ಕೊಳ್ಳಿ. ಸ್ಟೇಶನರಿ ಅಂಗಡಿಯ ಅಕ್ರಿಲಿಕ್ ನೆಲಕ್ಕೆ, ಗುಡ್ಡಕ್ಕೆ ಸೈ. ಮುಖಕ್ಕೆ ಅದರ ಕಣ ದಪ್ಪ.

ಬಣ್ಣಕ್ಕೆ ಮೊದಲು ಹೊಡೆಯುವ ಸ್ಪ್ರೇ ಪ್ರೈಮರ್ ವಿಮಾನದಲ್ಲಿ ಬರುವುದಿಲ್ಲ. ಗಾಡಿಗೆ ಹೊಡೆಯುವ ಬೂದು ಪ್ರೈಮರ್ ನಡೆಯುತ್ತದೆ, ಆದರೆ ಮೊದಲು ಖಾಲಿ ಫ್ರೇಮ್ ಮೇಲೆ ಪರೀಕ್ಷಿಸಿ. ದಪ್ಪ ಹೊಡೆದರೆ ಅದರ ದ್ರಾವಕ ಪ್ಲಾಸ್ಟಿಕ್ ತಿನ್ನುತ್ತದೆ. 20–25 ಸೆಂ.ಮೀ. ದೂರದಿಂದ, ಬೀಸುತ್ತಾ, ತೆಳ್ಳಗೆ. ಮಳೆಗಾಲದಲ್ಲಿ ಸ್ಪ್ರೇ ಬೂಷ್ಟಿನಂತೆ ಬೆಳ್ಳಗೆ ಕೂರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಚದ ಪ್ರೈಮರ್ ಒಳ್ಳೆಯದು.

ನಮ್ಮ ಗುಂಪಿನ ಟೀಶರ್ಟ್ ಮ್ಯಾಲೆ ಅವರ ಲೋಗೊ ಹಾಕ್ಸಬಹುದೇನು?

ಹಾಕಿಸಬೇಡಿ, ಮಾರಲಂತೂ ಬೇಡ. 2021ರಲ್ಲಿ ಕಂಪನಿ ಅಭಿಮಾನಿಗಳ ಸಿನಿಮಾ, ಅನಿಮೇಷನ್‌ಗೆ ಅವಕಾಶವೇ ಇಲ್ಲ ಅಂತ ಬರೆದುಹಾಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ತನ್ನದೇ ಚಂದಾ ಸೇವೆ ವಾರ್‌ಹ್ಯಾಮರ್ ಪ್ಲಸ್ ತೆರೆಯಿತು. ವರ್ಷಗಟ್ಟಲೆ ಪುಕ್ಕಟೆ ಪ್ರಚಾರ ಮಾಡಿಕೊಟ್ಟ ಕೈಗಳೇ ಮೊದಲು ಕೆಲಸ ನಿಲ್ಲಿಸಬೇಕಾಯಿತು. ಗುಂಪಿಗೆ ನಿಮ್ಮದೇ ಹೆಸರು, ನಿಮ್ಮದೇ ಗುರುತು ಇಟ್ಟುಕೊಳ್ಳಿ.

ಕಂಪನಿ ಗೊಡವಿನ ಬ್ಯಾಡ. ಕಿತ್ತೂರಿನ ಕಾಳಗ ಆಡಾಕ ಬರ್ತದೇನು?

ಧಾರಾಳ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಕಿತ್ತೂರಿನ ಕಾಳಗವಾಗಲಿ, 1858ರ ನರಗುಂದದ ಬಾಬಾಸಾಹೇಬರ ಬಂಡಾಯವಾಗಲಿ ಯಾರ ಟ್ರೇಡ್‌ಮಾರ್ಕೂ ಅಲ್ಲ, ಯಾರೂ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲಾರರು. ಪೆರ್ರಿ, ವಾರ್‌ಲಾರ್ಡ್, ವಿಕ್ಟ್ರಿಕ್ಸ್ ಕಂಪನಿಗಳ 28 ಮಿ.ಮೀ. ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಗಳು ಕಿತ್ತೂರಿಗೆ ಹೊಂದುತ್ತವೆ. ಕಿತ್ತೂರಿನ ಕಡೆಗೆ ಮರಾಠಾ, ಮೊಘಲ್ ಗೊಂಬೆಗಳ ರುಮಾಲು ಪುಟ್ಟಿಯಲ್ಲಿ ತಿದ್ದಿಕೊಳ್ಳಿ. 12 ಆಳಿನ ತುಕಡಿ, ಕಡೆಗೆ ಆರಾರು ತುಕಡಿ, ಎರಡು ತೋಪು ಇದ್ದರೆ ಮಧ್ಯಾಹ್ನವಿಡೀ ಆಡಬಹುದು. 1/72 ಅಳತೆಯ ಅಗ್ಗದ ಗೊಂಬೆಗಳನ್ನು 28ರ ಜತೆ ಬೆರೆಸಬೇಡಿ, ಅಪ್ಪ-ಮಕ್ಕಳಂತೆ ಕಾಣುತ್ತವೆ. ಕೋಟೆಗೋಡೆಗೆ ಥರ್ಮಾಕೋಲ್ ಬಳಸಿದರೆ ಮೊದಲು ಫೆವಿಕಾಲ್ ಬಳಿದು ಒಣಗಿಸಿ. ನೇರ ಸ್ಪ್ರೇ ಹೊಡೆದರೆ ಗೋಡೆ ಕಣ್ಣೆದುರೇ ಕರಗಿಹೋಗುತ್ತದೆ.

ಆಟ ಬಿಟ್ಟವರ ಸೈನ್ಯ ಅಗ್ಗಕ್ಕ ಸಿಗಾಕತ್ತೈತಿ. ಬಣ್ಣ ಗಿಚ್ಚಾಗಿ ಬಳದಾರ. ತಗೊಳ್ಲ್ಯಾ?

ತಗೊಳ್ಳಿ. ಹೊಸ ಆವೃತ್ತಿ ಬಂದ ಮೊದಲ ಎರಡು ತಿಂಗಳಲ್ಲಿ ಬೆಲೆ ಇಳಿದಿರುತ್ತದೆ. ಮೊದಲು ಗೊಂಬೆ ಯಾವುದರದ್ದು ಅಂತ ನೋಡಿ. ಪ್ಲಾಸ್ಟಿಕ್, ಲೋಹ ಸರಿ. 2011ರಲ್ಲಿ ಲೋಹದ ಬದಲು ಕಂಪನಿ ತಂದ ಫೈನ್‌ಕಾಸ್ಟ್ ರೆಸಿನ್ ಆಗಿದ್ದರೆ ಗುಳ್ಳೆ, ಸೊಟ್ಟ ಕತ್ತಿ ಇವೆಯೋ ನೋಡಿ ಬೆಲೆ ಇಳಿಸಿ. ಸೊಟ್ಟಗಾದದ್ದನ್ನು ಕೈಗೆ ಸುಡುವಷ್ಟು ಬಿಸಿನೀರಿನಲ್ಲಿ ಚಿಮಟದಿಂದ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ನಿಲ್ಲುತ್ತದೆ. ಪ್ಲಾಸ್ಟಿಕ್ ಅಂಟು ರೆಸಿನ್‌ಗೆ, ಲೋಹಕ್ಕೆ ಹಿಡಿಯುವುದಿಲ್ಲ, ಅದಕ್ಕೆ ಫೆವಿಕ್ವಿಕ್ ಬೇಕು.

ಪ್ಲಾಸ್ಟಿಕ್ ಮತ್ತು ಲೋಹದ ಬಣ್ಣ ತೆಗೆಯಲು: ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಕಂದು ಬಣ್ಣದ ಸಾದಾ ಡೆಟಾಲ್ ನೀರು ಬೆರೆಸದೆ ಹಾಕಿ ಗೊಂಬೆ ಮುಳುಗಿಸಿ. 24 ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಎಲ್ಲರೂ ತಪ್ಪುವುದು ಇಲ್ಲೇ: ಉಜ್ಜಿದ ತಕ್ಷಣ ನಲ್ಲಿ ಕೆಳಗೆ ಹಿಡಿಯುತ್ತಾರೆ. ನೀರು ತಾಗಿದೊಡನೆ ಕಿತ್ತ ಬಣ್ಣ ಡಾಂಬರಿನಂತೆ ಅಂಟಾಗಿ ಗೊಂಬೆಯ ಸಂದುಗಳಲ್ಲಿ ಕೂರುತ್ತದೆ. ಮೊದಲು ಇನ್ನೊಂದು ಬಟ್ಟಲಿನ ಶುದ್ಧ ಡೆಟಾಲ್‌ನಲ್ಲೇ ಜಾಲಿಸಿ, ಬಣ್ಣ ಪೂರ್ತಿ ಹೋದಮೇಲೆ ಪಾತ್ರೆ ತೊಳೆಯುವ ಸೋಪು, ಆಮೇಲೆ ನೀರು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಮನೆ ಎರಡು ದಿನ ದವಾಖಾನಿ ವಾಸನೆ ಹೊಡೆಯುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.